ಭಾವ ಹಾಕಿದ ಬೀಗ

ನನ್ನ ಭಾವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವನು ಅಂತ ತಪ್ಪು ತಿಳಿಯಬಾರದು. ಅಕ್ಕನನ್ನು ಮದುವೆಯಾಗಿ ಹದಿನೆಂಟು ವರ್ಷವಾಯಿತು. ಅವರು ಊಟಕ್ಕೆ ಕೂರುವ ಮೇಜು ನಾನು ಮಾಡಿದ್ದು, ಮಲಗುವ ಮಂಚ ನಾನು ಮಾಡಿದ್ದು, ಮನೆಯ ಬಾಗಿಲು ನಾನು ಕೂರಿಸಿದ್ದು. ಒಂದು ದಿನ, ಒಂದೇ ಒಂದು ದಿನ, "ಚೆನ್ನಾಗಿದೆ ಕಣೋ" ಅಂದವರಲ್ಲ. ಮೇಜು ತಂದಿಟ್ಟ ದಿನ ಅದರ ಮೇಲೆ ಎರಡೂ ಅಂಗೈ ಊರಿ, ಅಲ್ಲಾಡಿಸಿ ನೋಡಿ, "ಅಲ್ಲಾಡಲ್ಲ" ಅಂದರು. ಅದನ್ನೇ ಹೊಗಳಿಕೆ ಅಂದುಕೋಬೇಕಂತೆ, ಅಕ್ಕ ಹೇಳುತ್ತಾಳೆ.

ಭಾವನದು ಗ್ಯಾಸಿನ ಕೆಲಸ. ಅಡುಗೆಮನೆ ಒಲೆಯದಲ್ಲ. ಈಜುಕೊಳದ ನೀರು, ಸ್ಪಾ ತೊಟ್ಟಿಯ ನೀರು ಕಾಯಿಸುವ ದೊಡ್ಡ ಹೀಟರುಗಳನ್ನು ಕೂರಿಸುತ್ತಾರೆ. ಬೇರೆ ಫಿಟ್ಟರುಗಳು ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ. ಇವರಿಗೆ ಎರಡು ದಿನ ಬೇಕು. ಮೊದಲು ಟೇಪು ಹಿಡಿದು ಅಳೆಯಬೇಕು. ಗೋಡೆಗೂ ಹೀಟರಿಗೂ ಎಷ್ಟು ಅಂತರ, ಗಾಳಿ ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ, ಹತ್ತಿರ ಕಿಟಕಿ ಇದೆಯಾ. ಆಮೇಲೆ ಪೈಪಿನ ಒಂದೊಂದು ಜಾಯಿಂಟಿಗೂ ಬ್ರಶ್ಶಿನಲ್ಲಿ ಸೋಪುನೀರು ಬಳಿದು, ಕನ್ನಡಕ ಏರಿಸಿಕೊಂಡು, ಗುಳ್ಳೆ ಏಳುತ್ತದಾ ಅಂತ ಕಾಯಬೇಕು. ಊರಿಗೆಲ್ಲ ಅವರ ಹೆಸರೇ 'ಸೋಪುನೀರು'. ಕೊನೆಗೆ ಹೀಟರು ಹಚ್ಚಿ, ಮಡಚುವ ಕುರ್ಚಿ ಹಾಕಿಕೊಂಡು, ಅದರ ಪಕ್ಕದಲ್ಲಿ ಪೂರ್ತಿ ಒಂದು ಗಂಟೆ ಕೂರುತ್ತಾರೆ. ಉರಿ ನೀಲಿಯಾಗೇ ಇದೆಯಾ, ಹಳದಿಗೆ ತಿರುಗುತ್ತದಾ ಅಂತ ನೋಡುತ್ತಾ. ತಾನು ಕೂರಲಾಗದ ಕಡೆ ಇನ್ನೊಬ್ಬರನ್ನು ಕೂರಿಸಬಾರದಂತೆ. ಆ ಕುರ್ಚಿಯೂ ನಾನು ಮಾಡಿದ್ದೇ.

ಅಕ್ಕ ಕೆಲಸ ಮಾಡುವುದು ಒಂದು ವ್ಯಾಯಾಮದ ಈಜುಕೊಳದಲ್ಲಿ. ಮಂಡಿ ಹಿಡಿದವರು, ಸೊಂಟ ಬಿದ್ದವರು ಬೆಚ್ಚಗಿನ ನೀರಿನಲ್ಲಿ ಕೈಕಾಲು ಆಡಿಸಲು ಬರುತ್ತಾರೆ. ಹಿಂಬದಿಯ ಸಣ್ಣ ಕೋಣೆಯಲ್ಲಿ ಕೂತು ಅವರಿಗೆ ಟವಲು ಕೊಡುವುದು, ವಾಪಸು ಪಡೆದು ಒಣಗಿಸಿ ಮಡಚುವುದು ಅಕ್ಕನ ಪಾಲಿನದು. ಕೋಣೆಗೆ ಒಂದೇ ಕಿಟಕಿ, ಹಿತ್ತಲಿಗೆ. ಹಳೇ ಹೀಟರು ಕೆಟ್ಟಾಗ, ಈಜುಕೊಳ ನಡೆಸುವ ಮೇಡಂ ಹೊಸದಕ್ಕೆ ಭಾವನನ್ನು ಕರೆದರು. ಭಾವ ಅಳೆದೂ ಸುರಿದೂ, ಕಿಟಕಿಯಿಂದ ದೂರಕ್ಕೆ, ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಬಟಾಬಯಲಲ್ಲಿ ಅದನ್ನು ಕೂರಿಸಿದರು. ಹಚ್ಚಲು ಎರಡು ದಿನ ಬಿಟ್ಟು ಬರುತ್ತೇನೆ ಅಂದು ಹೋದರು.

ಆ ಎರಡು ದಿನದಲ್ಲಿ ಮೇಡಂ ನನ್ನನ್ನು ಕರೆದರು. "ಹಿತ್ತಲ ಸ್ಪಾ ತೊಟ್ಟಿಯಲ್ಲಿ ಕೂತೋರ ಕಣ್ಣಿಗೆ ಆ ತಗಡು ಡಬ್ಬ ಹೊಡೆಯುತ್ತೆ. ಚೆಂದಕ್ಕೆ ಏನಾದ್ರೂ ಮುಚ್ಚಿಕೊಡಿ."

ನಾನು ಜೀವ ತೇದು ಮಾಡಿದೆ, ಸುಳ್ಳು ಯಾಕೆ ಹೇಳಲಿ. ತೇಗದ ಹಲಗೆ. ಹೀಟರಿನ ಸುತ್ತ ಪೆಟ್ಟಿಗೆ, ಮೇಲೆ ಇಳಿಜಾರು ಮುಚ್ಚಳ. ಪೈಪುಗಳೂ ಕಾಣಬಾರದು ಅಂತ ಅದನ್ನು ಗೋಡೆಯುದ್ದಕ್ಕೂ, ಟವಲು ಕೋಣೆಯ ಕಿಟಕಿಯ ಕೆಳಗಿನವರೆಗೆ, ಬೆಂಚಿನ ಹಾಗೆ ಎಳೆದೆ. ಎರಡು ಹಲಗೆ ಸೇರುವಲ್ಲಿ ಒಂದು ಕೂದಲೂ ತೂರುತ್ತಿರಲಿಲ್ಲ. ಎಲ್ಲಾ ಅಂಚನ್ನೂ ಉಜ್ಜಿ ನುಣುಪು ಮಾಡಿದೆ. ಕೊಯ್ದದ್ದನ್ನು ಉಜ್ಜದೆ ಬಿಡುವ ಜಾಯಮಾನ ನನ್ನದಲ್ಲ, ಯಾರು ನೋಡಲಿ ಬಿಡಲಿ. ಮೇಡಂ ನೋಡಿ ಹಿಗ್ಗಿದರು.

ಭಾವ ಕುರ್ಚಿ ಕಂಕುಳಲ್ಲಿಟ್ಟುಕೊಂಡು ಬಂದರು. ಪೆಟ್ಟಿಗೆ ನೋಡಿದರು. ಹೆಂಗಿದೆ, ಯಾವ ಮರ, ಒಂದು ಮಾತಿಲ್ಲ.

"ಬಿಚ್ಚು" ಅಂದರು.

"ಏನು ಬಿಚ್ಚೋದು? ನಾಲ್ಕು ದಿನದ ಕೆಲಸ ಎರಡು ದಿನದಲ್ಲಿ ಮಾಡಿದೀನಿ."

"ಉರಿಗೆ ಗಾಳಿ ಬೇಕು. ನೀನು ಅದರ ಮೂಗು ಮುಚ್ಚಿದೀಯ. ಗಾಳಿ ಸಾಲದೆ ಉರಿದರೆ ವಿಷ ಬರುತ್ತೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೋಗೋಕೆ ನೀನೇ ದಾರಿ ಮಾಡಿಕೊಟ್ಟಿದೀಯ, ನೆಟ್ಟಗೆ ಆ ಕಿಟಕಿಗೆ. ಅಲ್ಲಿ ದಿನಕ್ಕೆ ಎಂಟು ಗಂಟೆ ಕೂರೋದು ಯಾರು?"

"ಅಕ್ಕನ ಹೆಸರು ಯಾಕೆ ಮಧ್ಯೆ ತರ್ತೀರ? ನನ್ನ ಕೆಲಸ ಕಂಡರೆ ನಿಮಗೆ ಮೊದಲಿಂದಲೂ ಆಗಲ್ಲ ಅಂತ ಹೇಳಿ."

ಅವರು ಗ್ಯಾಸ್ ವಾಲ್ವನ್ನು ತಿರುಗಿಸಿ ಮುಚ್ಚಿ, ಅದರ ಹಿಡಿಗೆ ತಮ್ಮದೇ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡರು. ಪೆಟ್ಟಿಗೆ ಬಿಚ್ಚೋವರೆಗೆ ಬೀಗ ಬಿಚ್ಚಲ್ಲ ಅಂತ ಮೇಡಂಗೆ ಕಡ್ಡಿ ಮುರಿದ ಹಾಗೆ ಹೇಳಿ ಕುರ್ಚಿ ಎತ್ತಿಕೊಂಡು ಹೊರಟೇಬಿಟ್ಟರು. ಮೇಡಂ ಎದುರಿಗೆ, ತೋಟದ ಕೆಲಸದವನ ಎದುರಿಗೆ, ನನ್ನ ಮುಖಕ್ಕೆ ಮಸಿ ಬಳಿದ ಹಾಗಾಯಿತು.

ಸೋಮವಾರದಿಂದ ಜನ ಬರುವವರಿದ್ದರು. ಭಾನುವಾರ ಮೇಡಂ ಫೋನು ಮಾಡಿ, "ನಿಮ್ಮ ಭಾವನಿಗೆ ಅನುಮಾನದ ರೋಗ. ಏನಾದ್ರೂ ಒಂದು ದಾರಿ ನೋಡಿ" ಅಂದರು. ಅವರು ಅಷ್ಟೇ ಅಂದದ್ದು. ಉಳಿದದ್ದೆಲ್ಲ ನಾನು. ಮಧ್ಯಾಹ್ನ ಕಬ್ಬಿಣ ಕೊಯ್ಯುವ ಬ್ಲೇಡು ತಗೊಂಡು ಹೋದೆ, ವಾಲ್ವಿನ ಬಣ್ಣ ಕೆರೆಯಬಾರದು ಅಂತ ಬಟ್ಟೆ ಸುತ್ತಿದೆ, ಬೀಗದ ಕೊಂಡಿ ಕೊಯ್ದೆ. ಬೀಗವನ್ನು ಅಲ್ಲೇ ಕಟ್ಟೆ ಮೇಲಿಟ್ಟೆ. ನೋಡಲಿ ಅಂತಲೇ ಇಟ್ಟೆ. ವಾಲ್ವು ತಿರುಗಿಸಿ ಗುಂಡಿ ಒತ್ತಿದರೆ ಹೀಟರು ಬುಸ್ಸೆಂದು ಹತ್ತಿಕೊಂಡಿತು. ಸೋಪುನೀರೂ ಇಲ್ಲ, ಕುರ್ಚಿಯೂ ಇಲ್ಲ. ಇದಕ್ಕೆ ಎರಡು ದಿನ ಬೇಕಂತೆ ಇವರಿಗೆ ಅಂತ ಒಬ್ಬನೇ ನಕ್ಕೆ. ಅಕ್ಕನಿಗೆ ಮಾತ್ರ ಹೇಳಿದೆ, ಭಾವನ ಕಿವಿಗೆ ಹಾಕಬೇಡ ಅಂತ. ಅವಳು, "ನಿಮ್ಮಿಬ್ಬರ ನಡುವೆ ನಾನು ಸಾಯ್ಬೇಕು" ಅಂದಳು. ಎಲ್ಲರ ಮನೆಯಲ್ಲೂ ಹೆಂಗಸರು ಅನ್ನುವ ಮಾತು ಅದು.

ಸೋಮವಾರ ಸಂಜೆ ಅಕ್ಕನಿಗೆ ತಲೆನೋವು. ಮಂಗಳವಾರ ತಲೆನೋವು, ಜೊತೆಗೆ ವಾಂತಿ. ಅವತ್ತು ಫೋನಿನಲ್ಲಿ ನಾನು ಆಡಿದ ಮಾತು ಹೇಳುತ್ತೇನೆ, ಬಚ್ಚಿಟ್ಟು ಏನಾಗಬೇಕು. "ಗಂಡ ಹೇಳಿದ್ದೇ ನಿಜ ಅಂತ ತೋರಿಸೋಕೆ ಈ ನಾಟಕ ಏನಕ್ಕಾ?" ಅಂದೆ. ಅವಳು ಫೋನಿಟ್ಟಳು. ಬುಧವಾರ ಎಂದಿನಂತೆ ಕೆಲಸಕ್ಕೆ ಹೋದಳು.

ಬುಧವಾರ ಹನ್ನೊಂದು ಗಂಟೆಗೆ ಪೆಟ್ಟಿಗೆಗೆ ಇನ್ನೊಂದು ಸಲ ಪಾಲಿಶು ಕೊಡಲು ಹೋದೆ. ಮೊದಲು ಟವಲು ಕೋಣೆಗೆ ಇಣುಕಿದೆ, ಹಿಂದಿನ ದಿನದ ಮಾತಿಗೆ ಸಮಾಧಾನ ಹೇಳೋಣ ಅಂತ. ಅಕ್ಕ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಅರ್ಧ ಮಡಚಿದ ಟವಲು. ಕೆನ್ನೆ ಕೆಂಪಗಿತ್ತು. ನನ್ನನ್ನು ನೋಡಿ, "ಟವಲು ಬೇಕಾ, ಎಷ್ಟು ಜನ ಇದೀರ?" ಅಂದಳು. ನನ್ನನ್ನೇ ಕೇಳಿದಳು, ಎತ್ತಿ ಆಡಿಸಿ ಬೆಳೆಸಿದ ತಮ್ಮನನ್ನ. ಕಂಕುಳಿಗೆ ಕೈ ಹಾಕಿ ಅವಳನ್ನು ಬಯಲಿಗೆ ಎಳೆದು ತಂದೆ. ದಾರಿಯಲ್ಲಿ ಕತ್ತು ವಾಲಿತು.

ಆಸ್ಪತ್ರೆಯಲ್ಲಿ ಎರಡು ದಿನ ಮೂತಿಗೆ ಆಮ್ಲಜನಕ ಕಟ್ಟಿದ್ದರು. ಇನ್ನರ್ಧ ಗಂಟೆ ಬಿಟ್ಟಿದ್ದರೆ ಕರೆತರುವ ಅಗತ್ಯ ಇರುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಭಾವ ಬಂದು ಮಂಚದ ಕಾಲಬುಡದಲ್ಲಿ ನಿಂತರು. ಅಕ್ಕನ ಪಾದ ಮುಟ್ಟಿ ನೋಡಿದರು, ಬೆಚ್ಚಗಿದೆಯಾ ಅಂತ. ನನ್ನ ಕಡೆ ತಿರುಗಲಿಲ್ಲ. ಅಲ್ಲಿಂದ ನೆಟ್ಟಗೆ ಈಜುಕೊಳಕ್ಕೆ ಹೋಗಿ ವಾಲ್ವು ಮುಚ್ಚಿ, ನನ್ನ ಪೆಟ್ಟಿಗೆಯನ್ನು ಒಂದೊಂದು ಸ್ಕ್ರೂ ಬಿಚ್ಚಿ ಕಳಚಿದರಂತೆ. ಒಂದು ಹಲಗೆಗೂ ಗಾಯ ಮಾಡದೆ ಗೋಡೆಗೆ ಒರಗಿಸಿಟ್ಟಿದ್ದರು. ಅದನ್ನು ನೋಡಿ ನನಗೆ ಇನ್ನೂ ನೆತ್ತಿಗೇರಿತು. ಕೊಡಲಿ ತಗೊಂಡು ಪುಡಿ ಮಾಡಬಾರದಾಗಿತ್ತಾ? ನನ್ನ ಕೆನ್ನೆಗೆ ಎರಡು ಬಾರಿಸಬಾರದಾಗಿತ್ತಾ?

ಬೀಗ ಕೊಯ್ದವರು ಯಾರು ಅಂತ ಅವರು ಕೇಳಿದ್ದು ಒಂದೇ ಸಲ, ಅಕ್ಕನನ್ನು. "ಮೇಡಂ ಯಾರನ್ನೋ ಕರೆಸಿದ್ರಂತೆ" ಅಂದಳು ಅಕ್ಕ, ಮೂತಿಗೆ ಕಟ್ಟಿದ್ದನ್ನು ಕೈಯಲ್ಲಿ ಸರಿಸಿಕೊಂಡು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಉಸಿರೆತ್ತಲಿಲ್ಲ. ಹೇಡಿ ಅನ್ನಿ, ಏನಾದರೂ ಅನ್ನಿ.

ಮೂರು ವಾರ ಕಳೆಯಿತು. ಅಕ್ಕ ಎದ್ದು ಓಡಾಡುತ್ತಿದ್ದಳು, ಒಲೆ ಮೇಲೆ ಹಾಲಿಟ್ಟದ್ದನ್ನು ಮಾತ್ರ ಆಗಾಗ ಮರೆಯುತ್ತಿದ್ದಳು. ಭಾವ ನನ್ನ ಜೊತೆ ಮೊದಲಿನ ಹಾಗೇ ಇದ್ದರು. ಊಟ ಆಯ್ತಾ, ಬಸ್ಸು ಸಿಕ್ತಾ. ನನಗೆ ಅದೇ ತಡೆಯಲಾಗಲಿಲ್ಲ. ಅವರು ಮತ್ತೆ ಹೀಟರು ಹಚ್ಚುವ ದಿನ ಬೆಳಿಗ್ಗೆ ನಾನೇ ಹೋದೆ. ಬಯಲಲ್ಲಿ ಹೀಟರು ಉರಿಯುತ್ತಿತ್ತು, ಪಕ್ಕದಲ್ಲಿ ಕುರ್ಚಿ, ಕುರ್ಚಿಯಲ್ಲಿ ಭಾವ.

"ಬೀಗ ಕೊಯ್ದಿದ್ದು ನಾನು" ಅಂದೆ.

ಅವರು ಉರಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು."

"ಅಕ್ಕ ಹೇಳಿದಳಾ?"

"ಅವಳು ಇವತ್ತಿಗೂ ಮೇಡಂ ಹೆಸರೇ ಹೇಳ್ತಾಳೆ. ಸುಳ್ಳು ಹೇಳೋಕೆ ಬರಲ್ಲ ಅವಳಿಗೆ, ಪಾಪ."

"ಮತ್ತೆ?"

ಅವರು ಸಾಮಾನಿನ ಚೀಲದಿಂದ ಬೀಗ ತೆಗೆದರು. ಕೊಯ್ದ ಕೊಂಡಿಯ ಅಂಚಿನ ಮೇಲೆ ಹೆಬ್ಬೆರಳು ಸವರಿ, ನನ್ನ ಕೈಗೆ ಕೊಟ್ಟರು. ನಾನೂ ಸವರಿದೆ. ಎಲ್ಲೂ ತರಚಲಿಲ್ಲ. ಉಪ್ಪುಕಾಗದ ಹಿಡಿದು ಉಜ್ಜಿದ್ದು ನನಗೆ ನೆನಪೇ ಇರಲಿಲ್ಲ, ಕೈ ತನ್ನ ಪಾಡಿಗೆ ಮಾಡಿತ್ತು.

"ಬೀಗ ಒಡೆಯೋರು ಒಡೆದು ಬಿಸಾಕಿ ಹೋಗ್ತಾರೆ" ಅಂದರು ಭಾವ. "ಎತ್ತಿಕೊಂಡೋರ ಬೆರಳಿಗೆ ತಾಗದಿರಲಿ ಅಂತ ಉಜ್ಜಿ ಇಟ್ಟು ಹೋಗೋನು ಈ ಊರಲ್ಲಿ ಇನ್ಯಾರಿದ್ದಾನೆ? ಚೆನ್ನಾಗಿದೆ ಕಣೋ ಕೆಲಸ."

ಅವರು ಗಡಿಯಾರ ನೋಡಿಕೊಂಡು ಮತ್ತೆ ಉರಿಯ ಕಡೆ ತಿರುಗಿದರು. ಹದಿನೆಂಟು ವರ್ಷ ಕಾದಿದ್ದೆ ಆ ಮಾತಿಗೆ. ಅದನ್ನು ಅವರು ಆ ಮೇಜಿಗೆ ಹೇಳಬಹುದಿತ್ತು.