ಎರಡು ಪರ್ಸೆಂಟಿಗೆ ಅಡ್ಡ ಬಂದ ಶುಕ್ರವಾರ

ಗೆಳೆಯರೇ, ನಮ್ಮ ಹೋಲ್‌ಸೇಲ್ ಅಂಗಡಿಯ ಬಿಲ್ಲನ್ನು ಹತ್ತು ದಿನದೊಳಗೆ ತೀರಿಸಿದರೆ ನೂರಕ್ಕೆ ಎರಡು ರೂಪಾಯಿ ಡಿಸ್ಕೌಂಟ್. ಗುಡೇಕೋಟೆಯಲ್ಲಿ ಹೊಸದಾಗಿ ಕಿರಾಣಿ ಅಂಗಡಿ ಹಾಕಿರುವ ಗಂಗಮ್ಮನಿಗೆ ಇವತ್ತು ಫೋನ್ ಮಾಡಿದೆ.

"ಇವತ್ತ ಕಡೀ ದಿನ ನೋಡ್ರಿ. ಇಪ್ಪತ್ತು ಸಾವಿರದ ಬಿಲ್ಲಿಗೆ ಹತ್ತೊಂಬತ್ತು ಸಾವಿರದ ಆರುನೂರು ಕೊಟ್ರ ಚುಕ್ತಾ."

"ಶುಕ್ರವಾರ ಲಕ್ಷ್ಮಿನ ಹೊರಗ ಕಳಸಂಗಿಲ್ಲಣ್ಣ. ನಾಳಿ ಕೊಡ್ತೀನಿ."

"ನಾಳಿ ಆದ್ರ ನಾನೂರು ಹೋತು."

"ಹೋದ ಶುಕ್ರವಾರ ನಾ ರೊಕ್ಕ ಕೊಟ್ಟು ಒಯ್ದಿದ್ದ ಸೋರೋ ಎಣ್ಣಿ ಡಬ್ಬಿ ವಾಪಸ್ ತಂದಾಗ, ಇವತ್ತ ಗಲ್ಲಾದಿಂದ ರೊಕ್ಕ ತೆಗಿಯಂಗಿಲ್ಲ, ನಾಳಿ ಬರ್ರಿ ಅಂದೋರು ಯಾರು? ನಿಮ್ಮ ಗಲ್ಲಾಕ್ಕಷ್ಟ ಐತೇನು ಶುಕ್ರವಾರ?"

ನಾಳೆ ಕೊಟ್ಟರೂ ನಾನೂರು ಬಿಡುತ್ತೇನೆ ಎಂದೆ. ಗಂಗಮ್ಮ ಖುಷಿಯಾಗಿ ಇನ್ನೆರಡು ಚೀಲ ಸಕ್ಕರೆ ಬರೆಸಿದರು. ಇನ್ನು ಮುಂದೆ ನಮ್ಮಲ್ಲಿ ಹತ್ತನೇ ದಿನ ಶುಕ್ರವಾರ ಬಿದ್ದರೆ ಶನಿವಾರವೂ ನಡೆಯುತ್ತದೆ. ಮಂಗಳವಾರದ ಬಗ್ಗೆ ದಯವಿಟ್ಟು ಯಾರೂ ಕೇಳಬೇಡಿ.