ಎರಡು ಕ್ರೂಸರ್ ಮಂದಿ

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ವಾಸನೆ ಬಂದರೆ ನನಗೆ ಬಾಗೇವಾಡಿ ಕೋರ್ಟಿನ ಅಂಗಳ ನೆನಪಾಗುತ್ತದೆ. ನಗಬೇಡಿ. ಇವತ್ತೂ ಹೆಂಚಿನ ಮುಂದೆ ನಿಂತು ಹಾಗೇ ಆಯಿತು.

ತಂಗಿ ಗೌರಿಯನ್ನು ಇಂಗಳೇಶ್ವರಕ್ಕೆ ಕೊಟ್ಟಿದ್ದೆವು. ಗಂಡ ಕೆಟ್ಟವನಲ್ಲ, ಆದರೆ ಅವನನ್ನು ಏನು ಕೇಳಿದರೂ ಅವನ ಅಣ್ಣನೇ ಉತ್ತರಿಸುತ್ತಿದ್ದ. ಆರು ವರ್ಷ ನೋಡಿ ತವರಿಗೆ ಬಂದ ಗೌರಿ ವಿಚ್ಛೇದನ ಬೇಕೆಂದಳು. ಅರ್ಜಿಗೆ ಮೊದಲು ಮಧ್ಯಸ್ಥಿಕೆಯ ಮಾಹಿತಿ ಸಭೆಗೆ ಹೋಗಿಬನ್ನಿ ಎಂದರು ವಕೀಲರು. ಸಭೆ ಎಂದರೆ ನಮ್ಮವರಿಗೆ ಪಂಚಾಯ್ತಿ. ಹಿರಿಯರಿಲ್ಲದ ಪಂಚಾಯ್ತಿ ಎಲ್ಲಿಯದು? ಕ್ರೂಸರ್ ಗಾಡಿ ತುಂಬ ಹೊರಟೆವು, ಬುತ್ತಿ ಸಮೇತ. ಬೀಗರದೂ ಒಂದು ಕ್ರೂಸರ್.

"ಲಗ್ನಕ್ಕ ಬಂದೀರೇನ್ರಿ?" ಎಂದರು ಸಭೆ ನಡೆಸುತ್ತಿದ್ದ ಮೇಡಂ. "ಇಲ್ಲಿ ನ್ಯಾಯ ಹೇಳೂದಿಲ್ಲ. ಯಾವ ಯಾವ ದಾರಿ ಅದಾವ ಅಂತ ತಿಳಿಸ್ತೇವಿ. ಇಬ್ಬರೂ ಒಪ್ಪಿದ್ರ ಕೂತು ಮಾತಾಡೂದು, ಇಲ್ಲಂದ್ರ ಕೋರ್ಟ್ ಐತಿ." ಗೌರಿಯತ್ತ ತಿರುಗಿ, "ನಿನಗೇನ ಬೇಕವ್ವಾ?" ಎಂದರು.

ಕಾನ್ವೆಂಟಿನಲ್ಲಿ ಕಲಿತವಳು, ಮಾತು ಚೊಕ್ಕ ಎಂದು ಮನೆಯವರು ನನ್ನನ್ನೇ ಮುಂದೆ ಕೂರಿಸಿದ್ದರು. "ಆಕಿಗೆ ಬಿಡುಗಡಿ ಬೇಕ್ರಿ," ಎಂದೆ.

"ನಮ್ಮ ತಮ್ಮ ಬಿಡಾಂವ ಅಲ್ರಿ!" ಎಂದ ಆಚೆಯಿಂದ ಅಣ್ಣ.

ಮೇಡಂ ನಮ್ಮಿಬ್ಬರನ್ನೂ ನೋಡಿದರು. "ಗಂಡಾ ಹೆಂಡತಿ ನೀವಿಬ್ಬರೇನ್ರಿ? ಅಲ್ಲಲ್ಲಾ? ಅವರಿಬ್ಬರನ್ನ ಬಿಟ್ಟು ನಡೀರಿ ಹೊರಗ, ಎಲ್ಲಾರೂ."

ಬೇವಿನ ಗಿಡದ ಕೆಳಗೆ ಎರಡು ಕಡೆಯವರೂ ಬೆನ್ನು ಮಾಡಿ ಕೂತೆವು. ಆದರೆ ಹಸಿವೆಗೆ ಜಗಳ ತಿಳಿಯದು. ನಮ್ಮ ಚಿಗವ್ವ ರೊಟ್ಟಿ ಗಂಟು ಬಿಚ್ಚಿದಳು. ಆ ಅಣ್ಣ ಉಳ್ಳಾಗಡ್ಡಿ ಗುದ್ದಿ ಒಡೆದು, ಮುಖ ಆಚೆ ಮಾಡಿಕೊಂಡೇ ನನ್ನ ಮುಂದೆ ಸರಿಸಿದ.

ತಾಸಿನ ಮೇಲೆ ಗೌರಿ ಬಂದಳು. ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ಹಗುರಾಗಿತ್ತು. "ಅಂವಾ ಬಾಯಿ ಬಿಟ್ಟಾ ಅಕ್ಕಾ. ಅವಗೂ ಈ ಸಂಸಾರ ಬ್ಯಾಡಾಗಿತ್ತಂತ. ಅಣ್ಣಗ ಹೇಳಾಕ ಅಂಜಿದ್ದಾ."

ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅವನು ಅಣ್ಣನಿಗೆ ಅಂಜಿದ್ದ, ಸರಿ. ಗೌರಿ ಯಾರಿಗೆ ಅಂಜಿ ಇಷ್ಟು ದಿನ ನನ್ನ ಬೆನ್ನ ಹಿಂದೆ ಕೂತಿದ್ದಳು?

ಮುಂದಿನ ಸಲದಿಂದ ಅವರಿಬ್ಬರೇ ಬಸ್ಸಿನಲ್ಲಿ ಹೋದರು. ಇಬ್ಬರೂ ಒಪ್ಪಿ ಅಗಲಿದರು; ಯಾರೂ ಯಾರಿಗೂ ಶಾಪ ಹಾಕಲಿಲ್ಲ.

ಈಗಷ್ಟೇ ಅವಳ ಫೋನು. ಸಿಂದಗಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಮನೆ ಹಿಡಿಯಬೇಕಂತೆ. "ಒಬ್ಬಾಕಿನ ಹೆಂಗ ಇರ್ತಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಮನಿ ಮಾಲಕರ ಜೋಡಿ ನಾನ ಮಾತಾಡ್ತೇನಿ ಅಕ್ಕಾ. ನೀ ಬರೇ ಜೊತಿಗೆ ಬರ್ತಿಯೇನ?"

"ಬರ್ತೇನವ್ವಾ," ಎಂದೆ. ಅಷ್ಟೇ ಎಂದೆ.