ಮಾವಶಿಯ ಹಾಲುಗಂಟು

ಮೊನ್ನೆ ಹಿಂದಿನ ಮನೆಯವರು ಬಾಣಂತಿಗೆಂದು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸುತ್ತಿದ್ದರು. ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಸೌಟು ಬಿಟ್ಟು ಕೂತುಬಿಟ್ಟೆ. ಮಾವಶಿ ಹೋಗಿ ಇಷ್ಟು ವರ್ಷವಾದರೂ ಆ ವಾಸನೆ ಅವಳದ್ದೇ...

ಅಂಕೋಲೆ ಹತ್ತಿರದ ಭಾವಿಕೇರಿಯಲ್ಲಿ ನಮ್ಮ ಪಕ್ಕದ ಮನೆಯವಳು, ಊರಿಗೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ. ಹೆರಿಗೆಯಾದ ಮನೆಗೆ ಹೋಗಿ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಮೀಯಿಸುವುದು ಅವಳ ಕೆಲಸ. ದಪ್ಪ ಹೆಂಗಸು. ಮುಟ್ಟು ನಿಂತ ಮೇಲಂತೂ ಮೈ ಇನ್ನೂ ಬಂತು. ನಮ್ಮ ಕಡೆ ಅದನ್ನು ಯಾರೂ ಕೆಟ್ಟದ್ದೆನ್ನುವುದಿಲ್ಲ, ಸುಖದ ಮೈ ಎನ್ನುತ್ತಾರೆ. ಅವಳು ಹತ್ತಿದೊಡನೆ ರಿಕ್ಷಾದವನು "ಇನ್ನು ಸೀಟಿಲ್ಲ" ಎಂದು ನಗುತ್ತಿದ್ದ, ಅವಳೂ ನಗುತ್ತಿದ್ದಳು.

ನನ್ನ ಬಾಣಂತನದಲ್ಲಿ ಎದೆಹಾಲು ಕಟ್ಟಿ ಜ್ವರ ಬಂದಾಗ ಹರಳೆಲೆ ಬಿಸಿ ಮಾಡಿ ಇಟ್ಟು, ಕಲ್ಲಿನಂಥ ಗಂಟನ್ನು ನೀವಿ ನೀವಿ ಕರಗಿಸಿದವಳು ಅವಳೇ. ಅತ್ತರೆ ಬೈದಳು, ಬೈದು ತಾನೂ ಕಣ್ಣೊರೆಸಿಕೊಂಡಳು. ಅಮ್ಮನಿಲ್ಲದ ನನಗೆ ಅದು ಅಮ್ಮನ ಕೈಯೇ ಆಗಿತ್ತು.

ಅದಾಗಿ ಕೆಲವು ವರ್ಷಕ್ಕೆ ಅವಳ ಎದೆಯಲ್ಲೇ ಒಂದು ಗಂಟು. ಅವಳು ಮಾಡಿದ್ದು ತನಗೆ ಗೊತ್ತಿದ್ದ ಮದ್ದನ್ನೇ. ಹರಳೆಲೆ, ಬಿಸಿ ಎಣ್ಣೆ, ನೀವುವುದು. ಕಡೆಯ ಕೂಸು ಹಾಲು ಬಿಟ್ಟು ಎಷ್ಟೋ ಕಾಲವಾದ ಎದೆಯಲ್ಲಿ ಯಾವ ಹಾಲು! ಕ್ಯಾನ್ಸರ್ ಇದ್ದೀತು, ಡಾಕ್ಟರಿಗೆ ತೋರಿಸೋಣವೆಂದರೆ ಮಾತು ಹಾರಿಸಿದಳು.

"ಹೆದರೂದ್ಯಾಕೆ ಮಗಾ? ಆ ರೋಗ ನಮ್ಮ ಜನಕ್ಕಿಲ್ಲ. ಅದೆಲ್ಲ ಮುಂಬಯಿ ಬದಿಯೋರಿಗೆ, ಮಕ್ಕಳಿಗೆ ಹಾಲು ಕುಡಿಸ್ದೇ ಇದ್ದೋರಿಗೆ. ನಾ ನಾಲ್ಕು ಮಕ್ಕಳಿಗೆ ಕುಡಿಸ್ದೋಳು."

ಆ ತುಂಬಿದ ಮೈಯಲ್ಲಿ ಗಂಟು ಹೊರಗೆ ಕಾಣಲೇ ಇಲ್ಲ. ಮುಂದೆ ಅವಳ ಮೈ ಇಳಿಯತೊಡಗಿದಾಗ ಹೆಂಗಸರೆಲ್ಲ "ಈಗ ಚಂದ ಕಾಣ್ತಿ ನೋಡೇ" ಎಂದರು. ಅವಳು ಖುಷಿಪಟ್ಟು ರವಿಕೆಗಳಿಗೆಲ್ಲ ಒಳಹೊಲಿಗೆ ಹಾಕಿಸಿಕೊಂಡಳು.

ಬೆನ್ನುನೋವೆಂದು ಕಾರವಾರಕ್ಕೆ ಕರೆದೊಯ್ದಾಗ ರೋಗ ಎಲುಬಿಗೆ ಇಳಿದಿತ್ತು. ನಮ್ಮ ಜನಕ್ಕೆ ಇದು ಹೇಗೆ ಬಂತೆಂದು ನಾನೇ ಕೇಳಿದೆ.

"ಕೆಲವು ಜನರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಯಾರನ್ನೂ ಬಿಟ್ಟಿಲ್ಲಮ್ಮ," ಎಂದರು ಡಾಕ್ಟರು. "ಮುಟ್ಟು ನಿಂತ ಮೇಲೆ ಮೈ ಬಂದರೆ ಅಪಾಯ ಇನ್ನೂ ಹೆಚ್ಚುತ್ತೆ. ಹಾಲು ಕುಡಿಸಿದ್ದು ಒಳ್ಳೆಯದೇ, ಆದರೆ ಕುಡಿಸಿದವರಿಗೆ ಬರೋದೇ ಇಲ್ಲ ಅಂತಲ್ಲ."

ಮಾವಶಿ ತನ್ನ ಕೈಗಳನ್ನೇ ನೋಡುತ್ತಾ, "ಇಷ್ಟು ಜನರದ್ದು ಕರಗಿಸಿದ್ನಲ್ಲೇ..." ಎಂದಳು.

ಮಳೆಗಾಲಕ್ಕೆ ಮೊದಲೇ ಹೋದಳು. "ತಿಂದು ತಿಂದು ಸತ್ತಳು" ಎಂದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸುಖದ ಮೈ ಎಂದು ಹೊಗಳಿದವರೇ ಅವರು.

ನನಗೂ ಈಗ ಮುಟ್ಟು ನಿಂತಿದೆ, ಮೈ ಬಂದಿದೆ. ನಿನ್ನೆ ಕಾರವಾರಕ್ಕೆ ಹೋಗಿ ಎದೆ ಪರೀಕ್ಷೆ ಮಾಡಿಸಿಕೊಂಡೆ. ಏನೂ ಇಲ್ಲವಂತೆ. "ನಿಮ್ಮನೇಲಿ ಯಾರಿಗಾದ್ರೂ ಇತ್ತಾ?" ಎಂದಳು ನರ್ಸ್ ಹುಡುಗಿ.

"ಮಾವಶಿಗಿತ್ತು."

"ಅಂದ್ರೆ ತಾಯಿಯ ತಂಗಿ?"

"ಅಲ್ಲ... ಪಕ್ಕದ ಮನೆಯವಳು."

"ಹಂಗಾದ್ರೆ ಅದು ಲೆಕ್ಕಕ್ಕಿಲ್ಲ ಬಿಡಿ," ಎಂದು ನಕ್ಕಳು.

ಅವಳದ್ದೇನು ತಪ್ಪು. ನಾನು ಮಾತ್ರ ಅಂಕೋಲೆಯವರೆಗೂ ಬಸ್ಸಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಬಂದೆ.